ಸ್ಟೆಪ್ನಿಯ ಉಸಿರು

ಕಾರಿನ ಬಿಡಿ ಚಕ್ರವನ್ನು ನಮ್ಮಲ್ಲಿ ಎಲ್ಲರೂ ಸ್ಟೆಪ್ನಿ ಎನ್ನುತ್ತಾರೆ. ಇಂಗ್ಲೆಂಡಿನವರ ನಿತ್ಯದ ಮಾತಿನಿಂದ ಈ ಶಬ್ದ ಬಹುಮಟ್ಟಿಗೆ ಮರೆಯಾಗಿರುವುದರಿಂದ, ಇದು ನಮ್ಮ ಗ್ಯಾರೇಜುಗಳಲ್ಲಿ ಹುಟ್ಟಿದ್ದೆಂದು ಭಾವಿಸುವವರುಂಟು. ಅದು ಹಾಗಲ್ಲ. ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬುದೊಂದು ಬೀದಿ. ಮೊದಮೊದಲ ಕಾರುಗಳಿಗೆ ಬಿಡಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದರೆ ದಾರಿಯಲ್ಲೇ ಕುಳಿತು ಟೈರು ಕಳಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ಆ ಊರಿನ ಡೇವೀಸ್ ಸೋದರರು, ಗಾಳಿ ತುಂಬಿದ ಟೈರನ್ನು ಅರೆಕಾಲುಗಳಿಲ್ಲದ ಉಕ್ಕಿನ ಬಳೆಯೊಂದಕ್ಕೆ ತೊಡಿಸಿ, ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿದುಕೊಳ್ಳುವ ಉಪಾಯವನ್ನು ಕಂಡುಹಿಡಿದರು. ಆ ಸಾಧನ ಹೋಯಿತು, ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು.

ಹೆಸರಿನಂತೆ ಚಕ್ರವೂ ಡಿಕ್ಕಿಯೊಳಗೆ ಉಳಿದಿದೆ. ಅದರಲ್ಲಿ ಗಾಳಿ ಉಳಿದಿದೆಯೆ ಎಂಬುದೇ ಪ್ರಶ್ನೆ.

ರಬ್ಬರು ನಮ್ಮ ಕಣ್ಣಿಗೆ ಗೋಡೆಯಂತೆ ಕಂಡರೂ ಗಾಳಿಯ ಪಾಲಿಗೆ ಅದು ಬಲು ಸಣ್ಣ ಕಣ್ಣಿನ ಜರಡಿ. ಟ್ಯೂಬಿಲ್ಲದ ಟೈರುಗಳಿಗೆ ಬ್ಯುಟೈಲ್ ರಬ್ಬರಿನ ಒಳಪದರವನ್ನು ಕೊಡುತ್ತಾರಾದರೂ ಅದು ಸೋರಿಕೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ತಿಂಗಳಿಗೆ ಒಂದು ಪೌಂಡಿನ ಒತ್ತಡ ಇಳಿಯುವುದು ಸಾಮಾನ್ಯ. ಆ ಲೆಕ್ಕದಲ್ಲಿ 33 ಪೌಂಡು ತುಂಬಿಸಿ ಒಂದೂವರೆ ವರ್ಷ ಮರೆತರೆ ಉಳಿಯುವುದು 15.

ಓಡುವ ಚಕ್ರಗಳಾದರೆ ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳುತ್ತವೆ: ನೆಲದ ಬಳಿ ಚಪ್ಪಟೆಯಾಗುತ್ತವೆ, ಸ್ಟಿಯರಿಂಗನ್ನು ಒಂದು ಕಡೆಗೆ ಎಳೆಯುತ್ತವೆ. ಐದನೆಯದಕ್ಕೆ ಆ ಬಾಯಿಲ್ಲ. ಅದರ ಮೇಲೆ ಭಾರವಿಲ್ಲವಾದ್ದರಿಂದ ಅರೆಗಾಳಿಯಲ್ಲೂ ಅದು ಗುಂಡಗೆ, ಆರೋಗ್ಯವಾಗಿಯೇ ಕಾಣುತ್ತದೆ. ಗಾಳಿ ಇಳಿದರೆ ದೀಪ ಹೊತ್ತಿಸಿ ಎಚ್ಚರಿಸುವ ಈಗಿನ ಅನೇಕ ಕಾರುಗಳೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅರ್ಧ ಗಾಳಿಯಿದ್ದರೆ ಅರ್ಧ ಉಪಕಾರವಾದೀತು ಎನ್ನುವಂತಿಲ್ಲ. ಕಾರಿನ ಭಾರ ಬಿದ್ದೊಡನೆ ಅಂಥ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಮಡಿಸಿ ಬಿಚ್ಚಿ ಕಾಯುತ್ತವೆ. ಕಾದು ಒಳಗಿನ ಎಳೆಗಳು ಸಡಿಲಗೊಂಡು ಟೈರು ಸಿಡಿಯಬಹುದು. ಮಳೆಯ ರಾತ್ರಿ, ಸಕಲೇಶಪುರದಿಂದ ಮಂಗಳೂರಿನ ಆಸ್ಪತ್ರೆಗೆ ರೋಗಿಯೊಬ್ಬರನ್ನು ಮಲಗಿಸಿಕೊಂಡು ಶಿರಾಡಿ ಘಾಟಿಯನ್ನು ಇಳಿಯುವವರಿಗೆ, ಮೊದಲಿನ ಪಂಕ್ಚರಿಗಿಂತ ಈ ಎರಡನೆಯ ಕೇಡೇ ದೊಡ್ಡದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ನಾವೆಲ್ಲ ಬಲ್ಲೆವು. ಇಲ್ಲಿ ಬಾವಿಯೇನೋ ಇದೆ, ನೀರನ್ನು ಯಾರೂ ನೋಡಿಲ್ಲ.

ನೋಡುವ ಕೆಲಸ ದೊಡ್ಡದೇನಲ್ಲ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಗೇಜು ಹಿಡಿದು ಅಳೆಯಬೇಕು. ತುಂಬಬೇಕಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತಾರೆ. ಅದರಲ್ಲಿ ಪೂರ್ಣ ಭಾರಕ್ಕೆಂದು ಕೊಟ್ಟ ಹೆಚ್ಚಿನ ಅಂಕಿಯನ್ನೇ ಸ್ಟೆಪ್ನಿಗೆ ಇಟ್ಟುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ: ಹೆಚ್ಚಾದ ಗಾಳಿಯನ್ನು ನಡುದಾರಿಯಲ್ಲೂ ಬಿಡಬಹುದು, ಕಡಿಮೆಯಾದದ್ದನ್ನು ಅಲ್ಲಿ ಎಲ್ಲಿಂದ ತರುವುದು? ಕೆಲವು ಕಾರುಗಳೊಡನೆ ಬರುವ ಸಪೂರ ಚಕ್ರದ ಪದ್ಧತಿಯೇ ಬೇರೆ. ಅದಕ್ಕೆ ಸಾಮಾನ್ಯವಾಗಿ 60 ಪೌಂಡು ಬೇಕು, ಗಂಟೆಗೆ 80 ಕಿಲೋಮೀಟರು ಮೀರಬಾರದು. ಅದರ ಮೈಮೇಲಿನ ಬರಹವೇ ಪ್ರಮಾಣ. ಗಾಳಿ ತುಂಬಿದ ಮೇಲೆ ವಾಲ್ವಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳದಿದ್ದರೆ ಮುಚ್ಚಳ ಹಾಕಬೇಕು.

ವಯಸ್ಸನ್ನೂ ನೋಡಬೇಕು. ಟೈರಿನ ಪಕ್ಕೆಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಓಡದಿದ್ದರೂ ರಬ್ಬರಿಗೆ ಮುಪ್ಪು ತಪ್ಪದು. 10 ವರ್ಷ ಕಳೆದದ್ದನ್ನು ನಂಬಬಾರದು. ಜಾಕು, ನಟ್ಟಿನ ಸ್ಪ್ಯಾನರು ಜೊತೆಗಿವೆಯೆ ಎಂದು ನೋಡಿ, ಮನೆಯಂಗಳದ ಸಮನೆಲದಲ್ಲಿ ಒಮ್ಮೆ ಚಕ್ರ ಬದಲಿಸಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಕಾರನ್ನು ಎತ್ತುವ ಮೊದಲೇ ನಟ್ಟುಗಳನ್ನು ಸಡಿಲಿಸಬೇಕೆಂಬ ಸಣ್ಣ ಸಂಗತಿ ಕತ್ತಲೆಯಲ್ಲಿ ಹೊಳೆಯುವುದಿಲ್ಲ.

ಕೆಲವು ಷರತ್ತುಗಳಿಗೆ ಒಳಪಟ್ಟು, ಬಿಡಿ ಚಕ್ರವಿಲ್ಲದೆಯೂ ಕಾರು ಮಾರಲು 2020ರಲ್ಲಿ ನಮ್ಮ ದೇಶದ ನಿಯಮ ಒಪ್ಪಿತು. ಆದ್ದರಿಂದ ಡಿಕ್ಕಿಯ ಹಾಸನ್ನು ಎತ್ತಿ, ಕೆಳಗಿರುವುದು ಚಕ್ರವೋ ರಿಪೇರಿಯ ಸಲಕರಣೆಯೋ ಎಂದು ಮೊದಲು ತಿಳಿಯಿರಿ. ಪೆಟ್ರೋಲು ಬಂಕಿನ ಹುಡುಗ ನಾಲ್ಕು ಚಕ್ರ ಮುಗಿಸಿ ಕೊಳವೆ ಸುತ್ತಿಡುವಾಗ, "ಸ್ಟೆಪ್ನೀನೂ ಸ್ವಲ್ಪ ನೋಡಪ್ಪ" ಎಂದು ಹೇಳಬೇಕಾದವರು ನಾವೇ.