ಬೆಳ್ಳಿತೆರೆಗೆ ಬಾರದ ವೀರಗಲ್ಲು

ವಿಜಯ್ ನಿರ್ದೇಶನದ ‘ಮಯೂರ’ ತೆರೆಕಂಡದ್ದು 1975ರಲ್ಲಿ. ಕದಂಬರ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡ ‘ಕಾಂತಾರ: ಚಾಪ್ಟರ್ 1’ ಬಂದದ್ದು 2025ರ ಅಕ್ಟೋಬರ್ 2ರಂದು. ಕನ್ನಡ ನೆಲದ ಮೊದಲ ಅರಸುಮನೆತನ ಎಂದು ಶಾಲೆಯಲ್ಲಿ ಕಲಿಯುವ ಕದಂಬರ ಕಾಲವನ್ನು ಜನ ಮತ್ತೆ ಮುಗಿಬಿದ್ದು ತೆರೆಯ ಮೇಲೆ ನೋಡಲು ಐವತ್ತು ವರ್ಷ ಬೇಕಾಯಿತು. ಈ ನಡುವೆ ಬೆಂಗಳೂರಿನ ಅಂಚಿನ ನಮ್ಮ ಕೋಗಿಲಿನಂಥ ಊರಿನ ಮನೆಗಳಿಗೂ ಪರನಾಡಿನ ಅರಸರು ಬಂದು ಕೂತಿದ್ದಾರೆ. ಟರ್ಕಿಯ ‘ಎರ್ತುಗ್ರುಲ್’ ಧಾರಾವಾಹಿ, ಕೊರಿಯಾದ ರಾಜಮನೆತನಗಳ ಕಥೆಗಳು, ಮಣಿರತ್ನಂ ಅವರ ಎರಡು ಭಾಗಗಳ ‘ಪೊನ್ನಿಯಿನ್ ಸೆಲ್ವನ್’ ಎಲ್ಲವೂ ಅಂಗೈಯ ಮೊಬೈಲಿಗೇ ಸಿಗುತ್ತವೆ. ಚೋಳರ ಅರಮನೆಯ ಒಳಜಗಳ ಗೊತ್ತಿರುವ ಹುಡುಗರಿಗೆ ತಾವು ಬಸ್ಸು ಹತ್ತುವ ರಸ್ತೆಯ ಪಕ್ಕದಲ್ಲೇ ಗಂಗರ ಕಾಲದ ಕಾಳಗ ನಡೆದದ್ದು ಗೊತ್ತಿಲ್ಲ. ತಪ್ಪು ಹುಡುಗರದ್ದಲ್ಲ. ಅವರಿಗೆ ಅದನ್ನು ಯಾರೂ ತೋರಿಸಿಲ್ಲ.

ಕನ್ನಡದ ಐತಿಹಾಸಿಕ ಚಿತ್ರಗಳು ಒಂದು ಕಾಲದ ಅಗತ್ಯದಿಂದ ಹುಟ್ಟಿದವು. 1956ರಲ್ಲಿ ರಾಜ್ಯ ಒಂದಾಯಿತು. 1960ರಲ್ಲಿ ‘ರಣಧೀರ ಕಂಠೀರವ’ ಬಂತು. ಕೆಲಸವಿಲ್ಲದೆ ಕಂಗೆಟ್ಟಿದ್ದ ಕಲಾವಿದರು ಸಂಘ ಕಟ್ಟಿಕೊಂಡು ನಿರ್ಮಿಸಿದ ಚಿತ್ರ ಅದು. 1964ರಲ್ಲಿ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ಣ ವರ್ಣದಲ್ಲಿ ಹೊಯ್ಸಳರ ಕಾಲವನ್ನು ತೋರಿಸಿತು. 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ಬಿ.ಆರ್. ಪಂತುಲು ಅವರ ‘ಶ್ರೀಕೃಷ್ಣದೇವರಾಯ’. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು, ಎರಡು ವರ್ಷಕ್ಕೆ ‘ಮಯೂರ’. ಹಳೇ ಮೈಸೂರಿನವರಿಗೆ ಬಾದಾಮಿ, ಬನವಾಸಿಗಳು ನಮ್ಮವೆಂದು ಅನ್ನಿಸಿದ್ದರಲ್ಲಿ ಅಣ್ಣಾವ್ರು ರಾಜ್‌ಕುಮಾರ್ ಅವರ ಆ ಪಾತ್ರಗಳಿಗೆ ದೊಡ್ಡ ಪಾಲಿದೆ. ಆ ಋಣವನ್ನು ಯಾವತ್ತೂ ಮರೆಯಲಾಗದು.

ಆದರೆ ಆ ಚಿತ್ರಗಳು ಒಂದು ಅಚ್ಚನ್ನೂ ಬಿಟ್ಟುಹೋದವು. ಝಗಮಗಿಸುವ ಕಿರೀಟ, ತುಂಬಿದ ಸಭೆ, ಉದ್ದನೆಯ ಸಂಭಾಷಣೆ, ಕೊನೆಗೊಂದು ಯುದ್ಧ. ಕದಂಬನಾದರೂ ಚಾಲುಕ್ಯನಾದರೂ ಉಡುಪು ಒಂದೇ, ಮಾತೂ ಒಂದೇ. ಶತಮಾನಗಳ ಅಂತರ ತೆರೆಯ ಮೇಲೆ ಕಾಣುವುದೇ ಇಲ್ಲ.

‘ಮಯೂರ’ವನ್ನೇ ನೋಡಿ. ದೇವುಡು ಅವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ನಾಯಕ ತಾನು ಅರಸುಮನೆತನದ ಕುಡಿ ಎಂದು ಮುಂದೆ ತಿಳಿದುಕೊಳ್ಳುತ್ತಾನೆ, ಕಳೆದುಹೋದ ರಾಜ್ಯವನ್ನು ಮರಳಿ ಪಡೆಯುತ್ತಾನೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭದ ಮೇಲೆ ಕವಿ ಕುಬ್ಜ ಬರೆದ ಶಾಸನ ಹೇಳುವುದು ಬೇರೆ ಕಥೆ. ಮಯೂರಶರ್ಮ ವೇದಾಧ್ಯಯನಕ್ಕೆಂದು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗುತ್ತದೆ. ಅವಮಾನ ತಾಳಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಶ್ರೀಪರ್ವತದ ಕಾಡು ಹೊಕ್ಕು ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡುತ್ತಾನೆ, ಕೊನೆಗೆ ಪಲ್ಲವರೇ ರಾಜಿಯಾಗಿ ಅವನಿಗೆ ನಾಡು ಬಿಟ್ಟುಕೊಡುತ್ತಾರೆ. ಅರಸನ ಮಗನಲ್ಲದ ಒಬ್ಬ ವಿದ್ಯಾರ್ಥಿ ಬೀದಿ ಜಗಳದಿಂದ ರಾಜ್ಯ ಕಟ್ಟಿದ. ನನಗಂತೂ ಕಾದಂಬರಿಗಿಂತ ಕಲ್ಲಿನ ಕಥೆಯೇ ದೊಡ್ಡದು ಎನ್ನಿಸುತ್ತದೆ.

ಪುಲಿಕೇಶಿಯ ಕಾಲವೂ ಅಷ್ಟೇ. ಅವನು ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದು, ರವಿಕೀರ್ತಿ ಐಹೊಳೆಯ ಪ್ರಶಸ್ತಿಯನ್ನು ಕೆತ್ತಿಸುತ್ತಿದ್ದ ತಲೆಮಾರಿನಲ್ಲೇ ಪಶ್ಚಿಮದಲ್ಲಿ ಬೈಜಾಂಟಿಯಮ್ಮಿನ ಹೆರಾಕ್ಲಿಯಸ್ ಮತ್ತು ಪರ್ಷಿಯದ ಖುಸ್ರೋ ಇಬ್ಬರೂ ಹೊಡೆದಾಡಿ ಬಸವಳಿದಿದ್ದರು. ಹುಯೆನ್ ತ್ಸಾಂಗ್ ಚಾಲುಕ್ಯರ ನಾಡಿಗೆ ಬಂದು ಕಂಡದ್ದನ್ನು ಬರೆದಿಟ್ಟ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಗೇ ನುಗ್ಗಿದ. ಆ ಸೋಲನ್ನೂ ಸೇರಿಸಿ ಇಡೀ ಜಗತ್ತಿನ ನಡುವೆ ಪುಲಿಕೇಶಿಯನ್ನು ನಿಲ್ಲಿಸುವ ಕನ್ನಡ ಧಾರಾವಾಹಿ ಬರಬೇಕು.

ವಿವರಗಳಿಗೆ ನಮ್ಮಲ್ಲಿ ಬರವಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು. ಸಾಧಾರಣ ಎತ್ತರ, ಸ್ವಲ್ಪ ಸ್ಥೂಲ ಎನ್ನಬಹುದಾದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಸಿಕೊಂಡು, ಮಣ್ಣಿನ ಭಾರ ಎತ್ತಿ, ಬೆವರಿಳಿಯುವ ತನಕ ಕತ್ತಿ ಬೀಸಿ, ಜಟ್ಟಿಯೊಡನೆ ಸೆಣಸಿ, ಆಮೇಲೆ ಕುದುರೆ ಏರುತ್ತಿದ್ದ. ಸಿಡುಬಿನ ಕಲೆಯ ಆ ರಾಯನನ್ನು ಯಾವ ನಟ ಧೈರ್ಯವಾಗಿ ಒಪ್ಪಿಕೊಳ್ಳುತ್ತಾನೋ ಅವನಿಗೆ ನನ್ನ ನಮಸ್ಕಾರ. ಇನ್ನು ಉಡುಪಿನ ಮಾತು. ಕೋಗಿಲು ಕ್ರಾಸ್‌ನಿಂದ ಬಳ್ಳಾರಿ ರಸ್ತೆ ಹಿಡಿದು, ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಎದ್ದುನಿಂತ 108 ಅಡಿಯ ಕೆಂಪೇಗೌಡರ ಪ್ರತಿಮೆಯನ್ನೂ ದಾಟಿ ಸುಮಾರು ನೂರು ಕಿಲೋಮೀಟರ್ ಹೋದರೆ ಲೇಪಾಕ್ಷಿ. ಅಚ್ಯುತರಾಯನ ಕಾಲದ ಆ ವೀರಭದ್ರ ಗುಡಿಯ ಚಾವಣಿಯಲ್ಲಿ ಉದ್ದನೆಯ ಕುಲಾವಿ, ಸೀರೆಯ ಅಂಚು, ಒಡವೆ, ತುರುಬು ಎಲ್ಲವೂ ಬಣ್ಣದಲ್ಲಿವೆ. ವಸ್ತ್ರವಿನ್ಯಾಸಕರು ಒಂದು ದಿನ ಅಲ್ಲಿ ತಲೆಯೆತ್ತಿ ನಿಂತರೂ ಸಾಕು.

ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ತಿರುಗಿದರೆ ಹತ್ತು ಕಿಲೋಮೀಟರಿನೊಳಗೆ ಹೆಬ್ಬಾಳ. 2018ರಲ್ಲಿ ಚರಂಡಿ ಕೆಲಸದ ವೇಳೆ ಅಲ್ಲೊಂದು ವೀರಗಲ್ಲು ಬೆಳಕಿಗೆ ಬಂತು. ಕಾಲ ಸುಮಾರು ಕ್ರಿ.ಶ. 750. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ ಪೆರ್ಬೊಳಲ್ ನಾಡಿನ ಮೇಲೆ ರಟ್ಟವಾಡಿಯ, ಅಂದರೆ ರಾಷ್ಟ್ರಕೂಟರ, ಪಡೆ ಏರಿಬಂದಾಗ ಕಿತ್ತಯ್ಯ ಎಂಬವನು ಹೋರಾಡಿ ಮಡಿದ ಎನ್ನುತ್ತದೆ ಅದರ ಕನ್ನಡ ಬರಹ. ಗಂಗ ಮತ್ತು ರಾಷ್ಟ್ರಕೂಟ ಎಂಬ ಎರಡು ಶಕ್ತಿಗಳ ತಿಕ್ಕಾಟ ಇಂದಿನ ಮೇಲ್ಸೇತುವೆಯ ಬುಡದವರೆಗೆ ಬಂದಿತ್ತು. ಸಾಮ್ರಾಜ್ಯದ ಕಥೆಯನ್ನು ಸಿಂಹಾಸನದಿಂದ ಹೇಳಿದ್ದು ಸಾಕು, ಕಿತ್ತಯ್ಯನ ಊರಿನಿಂದ ಹೇಳಲಿ.

ಹಾಗೆ ಹೇಳಬಹುದು ಎಂಬುದಕ್ಕೆ ಆತಕೂರಿನ ಶಾಸನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಮಂಡ್ಯ ಜಿಲ್ಲೆಯ ಆ ಊರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧ ಅದರಲ್ಲಿದೆ. ಬೂತುಗನ ಕಡೆಯ ಮಣಲೇರ ಎಂಬ ವೀರನ ಪರಾಕ್ರಮ ಮೆಚ್ಚಿ ಕೃಷ್ಣ ಏನು ಬೇಕು ಎಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಮಣಲೇರ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಚಕ್ರವರ್ತಿ, ಯುದ್ಧ, ಗೆಲುವು ಎಲ್ಲ ಇದ್ದೂ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ನಾಯಿ ಮತ್ತು ಹಂದಿಯದು. ತಮಿಳಿನವರು ಚೋಳರ ಕಡೆಯಿಂದ ಹತ್ತನೆಯ ಶತಮಾನವನ್ನು ಅದ್ದೂರಿಯಾಗಿ ತೋರಿಸಿದ್ದಾರೆ. ಅದಕ್ಕೆ ನಾವು ಕೊಡಬೇಕಾದ ಉತ್ತರ ಇನ್ನಷ್ಟು ದೊಡ್ಡ ಯುದ್ಧವಲ್ಲ, ಮಣಲೇರ ಮತ್ತು ಅವನ ಕಾಳಿ.

‘ಕಾಂತಾರ’ದ ಹೊಸ ಚಿತ್ರ ಅರಮನೆಯನ್ನು ಕಾಡಿನ ಜನರ ಕಣ್ಣಿನಿಂದ ನೋಡಿ ದಾರಿ ತೆರೆದಿದೆ. ಮಿಥಿಕ್ ಸೊಸೈಟಿಯ ತಂಡ ಬೆಂಗಳೂರಿನ ಶಾಸನಗಳನ್ನು ತ್ರಿ-ಡಿ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಡುತ್ತಿದೆ; ಚಿತ್ರಕಥೆ ಬರೆಯುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಸಾಮಗ್ರಿ ಸಿಗದು. ನಿರ್ಮಾಪಕರಲ್ಲಿ ನನ್ನದೊಂದು ವಿನಂತಿ: ಮುಂದಿನ ಐತಿಹಾಸಿಕ ಚಿತ್ರಕ್ಕೆ ಮುಹೂರ್ತ ಇಡುವ ಮೊದಲು ಒಬ್ಬ ಶಾಸನತಜ್ಞರನ್ನು ತಂಡಕ್ಕೆ ಸೇರಿಸಿಕೊಳ್ಳಿ, ಅವರ ಹೆಸರನ್ನು ಟೈಟಲ್ ಕಾರ್ಡಿನಲ್ಲಿ ಹಾಕಿ. ಓದುಗರೇ, ನಿಮ್ಮ ಬಡಾವಣೆಯ ಮೂಲೆಯಲ್ಲಿ ಅಕ್ಷರವಿರುವ ಹಳೆಯ ಕಲ್ಲು ಕಂಡರೆ ಅದಕ್ಕೆ ಸುಣ್ಣ ಬಳಿಯಲು, ಅದನ್ನು ಅಡಿಪಾಯಕ್ಕೆ ಹಾಕಲು ಬಿಡಬೇಡಿ. ಪುರಾತತ್ತ್ವ ಇಲಾಖೆಗೆ ತಿಳಿಸಿ.