ಅಜ್ಜ ಕಂಡ ಯುದ್ಧ, ಮೊಮ್ಮಗನಿಗೆ ಬರೀ ಕಥೆ

ಮನೆಯಲ್ಲಿ ದೊಡ್ಡ ಜಗಳವೊಂದು ಆಗಿದ್ದರೆ, ಅದನ್ನು ಕಣ್ಣಾರೆ ಕಂಡವರು ಇರುವ ತನಕ ಎಲ್ಲರೂ ಮಾತನ್ನು ತೂಗಿ ಆಡುತ್ತಾರೆ. ಅವರು ಕಣ್ಣು ಮುಚ್ಚಿದ ಮೇಲೆ? ದೇಶ ದೇಶಗಳ ಯುದ್ಧವೂ ಹೀಗೇ ಮರಳಿ ಬರುತ್ತದೆಯೇ ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಹೌದು ಎಂದವರು ಅಮೆರಿಕದ ವಿಲಿಯಂ ಸ್ಟ್ರಾಸ್ ಮತ್ತು ನೀಲ್ ಹೋವ್. 1997ರಲ್ಲಿ ಬಂದ ಅವರ ಪುಸ್ತಕದ ಪ್ರಕಾರ ಸುಮಾರು 80-90 ವರ್ಷಕ್ಕೊಮ್ಮೆ, ಅಂದರೆ ಒಂದು ತುಂಬು ಆಯುಸ್ಸಿಗೊಮ್ಮೆ, ದೊಡ್ಡ ಗಂಡಾಂತರ ಬರುತ್ತದೆ. ಲೆಕ್ಕ ನೋಡಿ: ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದದ್ದು 1775ರಲ್ಲಿ, ಅಂತರ್ಯುದ್ಧ 1861ರಲ್ಲಿ, ಎರಡನೇ ಮಹಾಯುದ್ಧಕ್ಕೆ ಆ ದೇಶ ಇಳಿದದ್ದು 1941ರಲ್ಲಿ. ಹೆಣ ಹೊತ್ತ ಪೀಳಿಗೆ ಹೋಗುವ ಹೊತ್ತಿಗೆ, ಯುದ್ಧವೆಂದರೆ ಬಾವುಟ, ಬ್ಯಾಂಡು ಅಷ್ಟೇ ಎಂದುಕೊಂಡ ಮೊಮ್ಮಕ್ಕಳು ಬೆಳೆದು ನಿಂತಿರುತ್ತಾರೆ.

ಕೇಳುವುದಕ್ಕೇನೋ ಸರಿ. ಆದರೆ ಯೂರೋಪಿಗೆ ಬಂದರೆ ಈ ಲೆಕ್ಕ ತಪ್ಪುತ್ತದೆ. ಮೊದಲ ಮಹಾಯುದ್ಧ ಮುಗಿದದ್ದು 1918ರಲ್ಲಿ. ಎರಡನೆಯದು 1939ರಲ್ಲೇ ಬಂತು. ನಡುವೆ ಇದ್ದದ್ದು 21 ವರ್ಷ! ಕಾಲು ಕಳೆದುಕೊಂಡ ಅಪ್ಪಂದಿರು, ಗಂಡನನ್ನು ಕಳೆದುಕೊಂಡ ಅಮ್ಮಂದಿರು ಇನ್ನೂ ಮನೆಗಳಲ್ಲೇ ಇದ್ದರು. ಯಾರೂ ಮರೆತಿರಲಿಲ್ಲ. ಹಾಗಾದರೆ?

ಹಣದ ಮುಗ್ಗಟ್ಟು, ನಿರುದ್ಯೋಗ ಎಲ್ಲ ಇತ್ತು, ನಿಜ. ಜೊತೆಗೆ ಜನ ನೆನಪಿಟ್ಟದ್ದು ನೋವನ್ನಷ್ಟೇ ಅಲ್ಲ, ಅವಮಾನವನ್ನೂ. 1871ರಲ್ಲಿ ಜರ್ಮನರು ಫ್ರಾನ್ಸಿನ ನೆಲಕ್ಕೇ ನುಗ್ಗಿ, ವರ್ಸೇಲ್ಸ್ ಅರಮನೆಯ ಕನ್ನಡಿ ಮಹಲಿನಲ್ಲಿ ತಮ್ಮ ಸಾಮ್ರಾಜ್ಯವನ್ನು ಘೋಷಿಸಿದರು. 1919ರಲ್ಲಿ ಸೋತ ಜರ್ಮನಿಯಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡದ್ದೂ ಅದೇ ಮಹಲಿನಲ್ಲಿ. ಜರ್ಮನರು 1918ರಲ್ಲಿ ಕದನವಿರಾಮಕ್ಕೆ ರುಜು ಹಾಕಿದ್ದ ರೈಲು ಡಬ್ಬಿಯನ್ನೇ ಹಿಟ್ಲರ್ 1940ರಲ್ಲಿ ಹೊರಗೆ ತರಿಸಿ, ಅದರೊಳಗೇ ಫ್ರೆಂಚರಿಂದ ರುಜು ಹಾಕಿಸಿಕೊಂಡ. ಮುಯ್ಯಿಗೆ ಮುಯ್ಯಿ! ಯುದ್ಧ ಬರುವುದು ಮರೆವಿನಿಂದ ಮಾತ್ರವಲ್ಲ, ಹಗೆಯ ನೆನಪಿನಿಂದಲೂ ಬರುತ್ತದೆ.

ಆದರೂ ಈ ಸರಪಳಿ ಕಡಿಯಿತು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಸೇರಿ ಆರು ದೇಶಗಳು ತಮ್ಮ ಕಲ್ಲಿದ್ದಲು, ಉಕ್ಕನ್ನು ಒಂದೇ ಉಸ್ತುವಾರಿಗೆ ಒಪ್ಪಿಸಲು ಒಪ್ಪಿದವು. ತೋಪು ಮಾಡಲು ಬೇಕಾದದ್ದು ಅವೇ ತಾನೇ? 1963ರಲ್ಲಿ ಎರಡೂ ದೇಶದ ಹುಡುಗ ಹುಡುಗಿಯರು ಪರಸ್ಪರರ ಊರಿಗೆ ಹೋಗಿ ಬರುವ ಏರ್ಪಾಡಾಯಿತು. 2006ರಲ್ಲಿ ಎರಡೂ ಕಡೆಯ ಮಕ್ಕಳಿಗಾಗಿ ಒಂದೇ ಇತಿಹಾಸ ಪಠ್ಯಪುಸ್ತಕ ಬಂತು. 1945ರ ನಂತರ ಇವರಿಬ್ಬರ ನಡುವೆ ಯುದ್ಧವಾಗಿಲ್ಲ.

ಆ ಯುದ್ಧ ಕಂಡವರಲ್ಲಿ ಈಗ ಉಳಿದವರು ಕೆಲವರೇ. ಇನ್ನು ಹೇಳುವ ಸರದಿ ನಮ್ಮದು, ಸೋದರಿಯರೇ. ಮಕ್ಕಳು ಚರಿತ್ರೆಯ ಪಾಠ ಓದಲು ಕೂತಾಗ ಗೆದ್ದವರು ಯಾರು ಎಂದಷ್ಟೇ ಕೇಳಬೇಡಿ. ಮನೆಗೆ ಮರಳದವರು ಎಷ್ಟು ಮಂದಿ, ಆಮೇಲೆ ರಾಜಿ ಹೇಗಾಯಿತು ಅಂತಲೂ ಕೇಳಿ. ನೋವಿನ ನೆನಪು ಉಳಿಯಲಿ, ಹಗೆಯ ನೆನಪು ನಮ್ಮ ಹೊಸ್ತಿಲು ದಾಟದಿರಲಿ.