ಗೊಬ್ಬರದಂಗಡಿಗೂ ಸಂಶೋಧನಾ ಕೇಂದ್ರಕ್ಕೂ ನಂಟು ಬೇಕು

ಬೆಳೆಗೆ ಹುಳು ಬಿದ್ದಾಗ ರೈತರು ಮೊದಲು ಹೋಗುವುದು ಸಂಶೋಧನಾ ಕೇಂದ್ರಕ್ಕಲ್ಲ, ಹೋಬಳಿಯ ಗೊಬ್ಬರದಂಗಡಿಗೆ. ಕಿತ್ತು ತಂದ ಗಿಡವನ್ನು ಅಲ್ಲಿ ತೋರಿಸಿ, ಅಂಗಡಿಯವರು ಕೊಟ್ಟ ‘ಎಣ್ಣೆ’ಯನ್ನು ಹೊಡೆಯುತ್ತಾರೆ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನೂರಕ್ಕೆ 13 ಕೃಷಿಕ ಕುಟುಂಬಗಳು ಬೇಸಾಯದ ಮಾಹಿತಿಯನ್ನು ಪರಿಕರ ಮಾರಾಟಗಾರರಿಂದ ಪಡೆದಿದ್ದವು. ವಿಸ್ತರಣಾ ಕಾರ್ಯಕರ್ತರಿಂದ ಪಡೆದವು ನೂರಕ್ಕೆ 6ಕ್ಕಿಂತ ಕಡಿಮೆ. ಅಂಗಡಿಯವರನ್ನು ದೂರಿ ಫಲವಿಲ್ಲ. ಅಂಗಡಿ ಹತ್ತಿರದಲ್ಲಿದೆ, ಉದ್ದರಿಯೂ ಸಿಗುತ್ತದೆ. ಆದರೆ ಅಲ್ಲಿಯ ಸಲಹೆ ಪುಕ್ಕಟೆಯೆಂದು ಭಾವಿಸಬಾರದು. ಅದರ ಬೆಲೆ ಬಾಟಲಿಯಲ್ಲಿ ಸೇರಿರುತ್ತದೆ.

ಈ ನಂಟು ಏಕೆ ಬೇಕೆಂಬುದಕ್ಕೆ ಮುಸುಕಿನ ಜೋಳದ ಫಾಲ್ ಸೈನಿಕ ಹುಳುವೇ ಸಾಕ್ಷಿ. ಅಮೆರಿಕ ಖಂಡದ ಈ ಕೀಟವನ್ನು ಭಾರತದಲ್ಲಿ ಮೊದಲ ಬಾರಿಗೆ 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದಲ್ಲಿ ಗುರುತಿಸಲಾಯಿತು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಗೆರೆ, ಬಾಲದ ಕಡೆಗೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಮರಿಹುಳುಗಳು ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಎಲೆ ಕಾಗದದಂತೆ ಬಿಳಿಚಿಕೊಳ್ಳುತ್ತದೆ. ಔಷಧಿ ನಾಟುವುದು ಆಗಲೇ. ಬಲಿತ ಹುಳು ಸುಳಿಯೊಳಗೆ ಸೇರಿ, ತನ್ನ ಹಿಕ್ಕೆಯನ್ನೇ ಮುಚ್ಚಳದಂತೆ ಮಾಡಿಕೊಂಡು ಕೂತಮೇಲೆ ಮೇಲಿನಿಂದ ಎಷ್ಟು ಸಿಂಪಡಿಸಿದರೂ ಅದಕ್ಕೆ ತಗಲುವುದು ಅಲ್ಪ. ಆದ್ದರಿಂದ ಲೀಟರು ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಬೆರೆಸಿ, ಸಂಜೆಯ ವೇಳೆ ಸುಳಿಗೇ ಬೀಳುವಂತೆ ಸಿಂಪಡಿಸಬೇಕು.

ಇಷ್ಟು ತಿಳಿದ ಅಂಗಡಿಯವರು “ಬಿತ್ತಿ ಎಷ್ಟು ದಿನವಾಯಿತು? ಹುಳು ಎಷ್ಟು ದಪ್ಪವಿದೆ?” ಎಂದು ಕೇಳುತ್ತಾರೆ. ತಿಳಿಯದವರು ಎರಡು ಮೂರು ಔಷಧಿಗಳನ್ನು ಒಂದೇ ಟ್ಯಾಂಕಿಗೆ ಬೆರೆಸಲು ಹೇಳಿ ಕಳುಹಿಸುತ್ತಾರೆ. ಖರ್ಚು ಇಮ್ಮಡಿಯಾಗುತ್ತದೆ, ಹುಳು ಮಾತ್ರ ಸುಳಿಯಲ್ಲೇ ಇರುತ್ತದೆ.

ಮಾರಾಟಗಾರರಿಗೆ ವಿಜ್ಞಾನವನ್ನು ಮುಟ್ಟಿಸಲೆಂದೇ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆಯು 2003ರಲ್ಲಿ ‘ದೇಸಿ’ ಎಂಬ ಡಿಪ್ಲೊಮಾ ಶಿಕ್ಷಣವನ್ನು ಆರಂಭಿಸಿತು. ವಾರಕ್ಕೊಂದು ದಿನದಂತೆ 48 ವಾರಗಳ ಈ ಶಿಕ್ಷಣದಲ್ಲಿ 40 ತರಗತಿಗಳು, 8 ಕ್ಷೇತ್ರ ಭೇಟಿಗಳು. ಭಾನುವಾರ ಅಥವಾ ಪೇಟೆಯ ರಜೆಯ ದಿನ ಪಾಠವಿರುವುದರಿಂದ ವ್ಯಾಪಾರಕ್ಕೆ ಅಡ್ಡಿಯಿಲ್ಲ. ಕೃಷಿ ಪದವೀಧರರು ಸ್ವಂತ ಸಲಹಾ ಕೇಂದ್ರ ತೆರೆಯಲು ನೆರವಾಗುವ ಅಗ್ರಿ ಕ್ಲಿನಿಕ್ ಯೋಜನೆ 2002ರಲ್ಲೇ ಬಂದಿತ್ತು. ನಮ್ಮ ಅಭಿಪ್ರಾಯದಲ್ಲಿ ತರಗತಿಗಿಂತ ಕ್ಷೇತ್ರ ಭೇಟಿಯೇ ಹೆಚ್ಚು ಉಪಯುಕ್ತ. ರೋಗದ ಗಿಡವನ್ನು ಒಮ್ಮೆ ಪ್ರಯೋಗ ತಾಕಿನಲ್ಲಿ ಕಣ್ಣಾರೆ ಕಂಡವರಿಗೆ ಪುಸ್ತಕದ ಚಿತ್ರ ಬೇಕಾಗುವುದಿಲ್ಲ.

ಸಲಹೆ ಒಂದೇ ದಿಕ್ಕಿನಲ್ಲಿ ಹರಿದರೆ ಸಾಲದು. ಹೊಸ ಕೀಟ, ಫಲ ಕೊಡದ ಔಷಧಿ, ಮೊಳೆಯದ ಬೀಜ, ಇವುಗಳ ಸುದ್ದಿ ವಿಜ್ಞಾನಿಗಳಿಗಿಂತ ಮುಂಚೆ ಅಂಗಡಿಗೆ ತಲುಪುತ್ತದೆ. ಅಂಗಡಿಯವರು ಅಂಥ ಗಿಡವನ್ನು ಮಣ್ಣು, ಬೇರಿನ ಸಮೇತ ಕಾಗದದಲ್ಲಿ ಸುತ್ತಿ, ಊರು, ತಳಿ, ಹೊಡೆದ ಔಷಧಿಯನ್ನು ಬರೆದು ಅಂದೇ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವರಿ ಕೊಳೆಯುತ್ತದೆ.

ರೈತ ಬಾಂಧವರೂ ಅಂಗಡಿಗೆ ಹೋಗುವಾಗ ಬರಿಗೈಯಲ್ಲಿ ಹೋಗದೆ ಗಿಡವನ್ನೂ ಹುಳುವನ್ನೂ ಒಯ್ಯಬೇಕು. ಕೊಟ್ಟ ಔಷಧಿಯ ಚೀಟಿಯಲ್ಲಿ ತಮ್ಮ ಬೆಳೆಯ ಹೆಸರಿದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡಿ, ಬ್ಯಾಚ್ ಸಂಖ್ಯೆ ಬರೆದ ರಸೀದಿಯನ್ನು ಕೇಳಿ ಪಡೆಯಬೇಕು.